ಸೀಗಡಿ ತೊಟ್ಟಿಗೊಂದು ದೀಪ

ಅಕ್ಕ ತಂಗಿಯ ಮನೆಗೆ ಬಂದ ದಿನ ಅವಳ ಸಾಮಾನಿನಲ್ಲಿ ಒಡೆದದ್ದು ಒಂದೇ: ಸೀಗಡಿ ತೊಟ್ಟಿಯ ದೀಪ. ಮೂರನೇ ಮಹಡಿಯ ಮೆಟ್ಟಿಲು ತಿರುಗುವಲ್ಲಿ ಅದು ಹಾಸಿಗೆ ಸುರುಳಿಯ ಮೇಲಿಂದ ಜಾರಿ, ಎರಡು ಮೆಟ್ಟಿಲು ಉರುಳಿ, ಎರಡು ತುಂಡಾಯಿತು. ತೊಟ್ಟಿಗೆ ಮಾತ್ರ ಏನೂ ಆಗಲಿಲ್ಲ. ಇಪ್ಪತ್ತು ಲೀಟರು ಹಿಡಿಯುವ ಗಾಜಿನ ತೊಟ್ಟಿ. ಕಲ್ಲುಗಳನ್ನು ಬೇರೆ ತೆಗೆದು, ನೀರನ್ನು ಕಾಲು ಭಾಗಕ್ಕೆ ಇಳಿಸಿ, ಗಿಡ ಮತ್ತು ಮೂವತ್ತು ಚಿಲ್ಲರೆ ಕೆಂಪು ಸೀಗಡಿಗಳ ಸಮೇತ ತಂಗಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಟ್ಯಾಕ್ಸಿಯಲ್ಲಿ ಬಂದಿದ್ದಳು. ಪಕ್ಕದಲ್ಲಿ ಕೂತ ಅಕ್ಕ ದಾರಿಯುದ್ದಕ್ಕೂ “ಮೆಲ್ಲಗೆ ಅಣ್ಣಾ, ಬಸುರಿಯರಿದ್ದಾರೆ” ಎಂದು ಡ್ರೈವರನ ಪ್ರಾಣ ತಿಂದಿದ್ದಳು. ಯಾರು ಬಸುರಿ ಎಂದು ಆತ ಕನ್ನಡಿಯಲ್ಲಿ ಇಣುಕಿ ಇಣುಕಿ ನೋಡಿ ಕಂಗಾಲಾಗಿದ್ದ.

“ಹೋಗ್ಲಿ ಬಿಡೇ, ದೀಪ ತಾನೇ” ಎಂದಳು ಅಕ್ಕ, ಮೆಟ್ಟಿಲ ಮೇಲೆ ಕೂತು ಉಸಿರು ತಂದುಕೊಳ್ಳುತ್ತ.

ದೀಪ ತಾನೇ! ಅಕ್ಕನ ಬಾಯಿಂದ ಅಂಥ ಮಾತು ಬಂದದ್ದು ತಂಗಿ ಹಿಂದೆ ಕೇಳಿರಲಿಲ್ಲ.

ಯಾಕೆಂದರೆ ಇಬ್ಬರದೂ ದೀಪದ ಕೆಳಗಿನ ಬದುಕು. ಬಟ್ಟೆ ಗಿರಣಿಯಲ್ಲಿ ಬಣ್ಣದ ತೊಟ್ಟಿಗಳ ಸದ್ದು ಮುಟ್ಟದ ಮೂಲೆಯಲ್ಲಿ ಶೇಡ್ ರೂಮು ಎಂದು ಒಂದು ಕೋಣೆ ಇರುತ್ತದೆ. ಬಣ್ಣ ಹಾಕಿಸಿಕೊಂಡು ಬಂದ ಬಟ್ಟೆಯ ತುಂಡನ್ನು ಗಿರಾಕಿ ಒಪ್ಪಿದ ತುಂಡಿನ ಪಕ್ಕ ಇಟ್ಟು, ಎರಡೂ ಒಂದೇ ಬಣ್ಣವೋ ಅಲ್ಲವೋ ಎಂದು ಹೇಳುವುದು ಅಲ್ಲಿನವರ ಕೆಲಸ. ಇಡುವುದಕ್ಕೆ ಬೂದು ಬಳಿದ ಒಂದು ಪೆಟ್ಟಿಗೆ, ಅದರ ನೆತ್ತಿಯಲ್ಲಿ ಐದು ಬಗೆಯ ದೀಪ. ಗುಂಡಿ ಒತ್ತಿದರೆ ಮಧ್ಯಾಹ್ನದ ಬೆಳಕು, ಇನ್ನೊಂದು ಒತ್ತಿದರೆ ಅಂಗಡಿಯ ಬೆಳಕು, ಮತ್ತೊಂದು ಒತ್ತಿದರೆ ಮನೆಯ ಹಳದಿ ಬಲ್ಬಿನ ಬೆಳಕು. ಹಗಲಲ್ಲಿ ಅವಳಿಗಳ ಹಾಗೆ ಕೂತಿದ್ದ ಎರಡು ತುಂಡು ಬಲ್ಬಿನ ಕೆಳಗೆ ಸವತಿಯರ ಹಾಗೆ ಮುಖ ತಿರುಗಿಸಿಕೊಳ್ಳುವುದುಂಟು. ಆ ಕೋಣೆಯಲ್ಲಿ ಅಕ್ಕ ಇಪ್ಪತ್ತಾರು ವರ್ಷ ಕೂತಿದ್ದಳು. ಹತ್ತೊಂಬತ್ತು ತುಂಬಿದ ತಂಗಿಯನ್ನು ಕೈಹಿಡಿದು ಕರೆತಂದು ಪಕ್ಕದ ಸ್ಟೂಲಿನಲ್ಲಿ ಕೂರಿಸಿಕೊಂಡವಳೂ ಅವಳೇ. ಗಿರಣಿಯವರು ಒಬ್ಬಳನ್ನು ದೊಡ್ಡ ಕಣ್ಣು ಎಂದೂ ಇನ್ನೊಬ್ಬಳನ್ನು ಚಿಕ್ಕ ಕಣ್ಣು ಎಂದೂ ಕರೆಯುತ್ತಿದ್ದರು. ಬಟ್ಟೆ ಸರಿಯಿಲ್ಲ ಎಂದು ತಂಗಿ ಬಾಯಿ ತೆರೆದಾಗಲೆಲ್ಲ ದೊಡ್ಡ ಕಣ್ಣು ಹೇಳುತ್ತಿದ್ದದ್ದು ಒಂದೇ ಮಾತು: “ಬಟ್ಟೇನ ಬೈಯೋ ಮುಂಚೆ ತಲೆ ಎತ್ತಿ ದೀಪ ನೋಡು.”

ಈಗ ದೊಡ್ಡ ಕಣ್ಣು ಕೆಲಸ ಬಿಟ್ಟು ಎರಡು ವರ್ಷ. ಅದರಲ್ಲಿ ಒಂದು ವರ್ಷ ಕಾಯಿಲೆಗೇ ಹೋಗಿತ್ತು. ಪಿತ್ತ ಇಳಿಯುವ ನಾಳದ ಬಾಯಲ್ಲಿ ಒಂದು ಗಂಟು, ಕತ್ತರಿಸಿ ತೆಗೆಯಲಾಗದ ಜಾಗ. ಬಾಯಿಯ ಮೂಲಕ ಪೈಪು ಇಳಿಸಿ, ಕಟ್ಟಿಕೊಂಡ ನಾಳದೊಳಗೆ ಒಂದು ಸಣ್ಣ ಕೊಳವೆ ಇಟ್ಟಿದ್ದರು. ಅದು ಕಟ್ಟಿಕೊಂಡಿತು, ತೆಗೆದು ಎರಡನೆಯದನ್ನು ಇಟ್ಟರು. ಆ ಸಲ ಹನ್ನೊಂದು ದಿನ ವಾರ್ಡಿನಲ್ಲಿ ಮಲಗಿಸಿದ್ದರು. ಬಿಟ್ಟು ಕಳಿಸುವಾಗ ಡಾಕ್ಟರಮ್ಮ ತಂಗಿಯನ್ನು ಪಕ್ಕಕ್ಕೆ ಕರೆಯಲಿಲ್ಲ, ಅಕ್ಕನ ಎದುರಿಗೇ ಹೇಳಿದ್ದರು.

“ಇದೂ ಒಂದಿನ ಕಟ್ಟಿಕೊಳ್ಳುತ್ತೆ. ಕಣ್ಣಿನ ಬಿಳಿ ಭಾಗ ಹಳದಿಗೆ ತಿರುಗಿದ್ರೆ ಅವತ್ತೇ ಕರ್ಕೊಂಡು ಬನ್ನಿ. ಮಾರನೇ ದಿನ ಅಲ್ಲ, ಅವತ್ತೇ. ಬದಲಾಯಿಸಿದ್ರೆ ಇನ್ನೊಂದಷ್ಟು ತಿಂಗಳು ಸಿಗುತ್ತೆ. ತಡ ಮಾಡಿದ್ರೆ ನಂಜು ರಕ್ತಕ್ಕೆ ಏರುತ್ತೆ, ಆಮೇಲೆ ನನ್ನ ಕೈಲಿಲ್ಲ. ದಿನಾ ಕಣ್ಣು ನೋಡೋರು ಯಾರು?”

“ನಾನು” ಎಂದಳು ತಂಗಿ.

“ಅವಳ ಕಣ್ಣಿಗೆ ತಪ್ಪಲ್ಲ ಡಾಕ್ಟ್ರೇ” ಎಂದಳು ಅಕ್ಕ. “ನಾನೇ ತಯಾರು ಮಾಡಿದ ಕಣ್ಣು.” ಆಮೇಲೆ ಗಂಟಲು ಸವರಿಕೊಂಡು ಸೇರಿಸಿದಳು, “ಇನ್ನೊಂದು ಸಲ ಆ ಪೈಪು ನುಂಗಿಸೋ ಹಾಗಿದ್ರೆ ಮಾತ್ರ ನಾನು ಗಂಟಲಿಗೆ ಗೇಟು ಹಾಕಿಸ್ಕೊಂಡು ಬರ್ತೀನಿ.”

ಮೂವರೂ ನಕ್ಕಿದ್ದರು.

ಅಕ್ಕ ಮದುವೆಯಾದವಳಲ್ಲ. ತಂಗಿಯ ಮನೆಯಲ್ಲಿ ತಂಗಿ, ಏಳನೇ ಕ್ಲಾಸಿನ ಮಗಳು ಪುಟ್ಟಿ, ಇಬ್ಬರೇ. ಪುಟ್ಟಿ ತನ್ನ ಕೋಣೆಯನ್ನು ದೊಡ್ಡಮ್ಮನಿಗೆ ಬಿಟ್ಟುಕೊಟ್ಟಳು, ಒಂದು ಕರಾರಿನ ಮೇಲೆ: ತೊಟ್ಟಿ ಆ ಕೋಣೆಯಲ್ಲೇ ಇರಬೇಕು, ಮತ್ತು ತಾನು ಯಾವಾಗ ಬೇಕಾದರೂ ಬಂದು ನೋಡಬಹುದು. ಮಂಚದ ಪಕ್ಕದ ಮೇಜಿನ ಮೇಲೆ, ಮಲಗಿದವಳ ಕಣ್ಣಿಗೆ ಸರಿಯಾಗಿ ತೊಟ್ಟಿ ಕೂತಿತು. ಇನ್ನು ದೀಪ ಆಗಬೇಕಿತ್ತು.

ಶನಿವಾರ ತಾಯಿ ಮಗಳು ಮೀನಿನ ಅಂಗಡಿಗೆ ಹೋದರು. ಅಂಗಡಿಯವನಿಗೆ ಮಾತು ಅಂದರೆ ಪ್ರಾಣ. ಗಿರಾಕಿ ಒಂದು ಕೇಳಿದರೆ ಅವನು ನಾಲ್ಕು ಕೇಳುತ್ತಿದ್ದ.

“ಎಷ್ಟುದ್ದ ತೊಟ್ಟಿ? ಗಿಡ ಯಾವ್ಯಾವ್ದು? ಕಿಟಕಿ ಹತ್ರಾನಾ, ದೂರಾನಾ? ನೀರು ಎಷ್ಟು ದಿನದ್ದು?”

“ಒಂದೂಕಾಲು ಅಡಿ. ಮರದ ಬೇರಿಗೆ ಕಟ್ಟಿದ ಮಾಸು ಅನ್ನೋ ಹಾವಸೆ, ಅಗಲ ಎಲೆಯ ಗಿಡ ಎರಡು, ಮೇಲೆ ತೇಲೋ ಸಣ್ಣೆಲೆ ಒಂದಿಷ್ಟು.”

“ಅಷ್ಟೇನಾ! ಅವು ಸನ್ಯಾಸಿ ಗಿಡ ಅಮ್ಮಾ, ಕೊಟ್ಟಷ್ಟರಲ್ಲಿ ಇರ್ತವೆ. ಬೆಳಕು ಹೆಚ್ಚು ಕೊಟ್ರೋ, ಗಿಡಕ್ಕಿಂತ ಮುಂಚೆ ಪಾಚಿ ಬಂದು ಗಾಜೆಲ್ಲ ಹಸಿರಾಗುತ್ತೆ. ಇದನ್ನ ತಗೊಳ್ಳಿ, ಆರೂವರೆ ಸಾವಿರದ್ದು. ರೇಟಲ್ಲಮ್ಮಾ, ಬೆಳಕಿನ ಬಣ್ಣದ ನಂಬರು. ಆರೂವರೆ ಸಾವಿರ ಅಂದ್ರೆ…”

“ಗೊತ್ತು. ಮಧ್ಯಾಹ್ನದ ಬೆಳಕು” ಎಂದಳು ತಂಗಿ. ಹದಿನೆಂಟು ವರ್ಷದಿಂದ ದಿನಕ್ಕೆ ನೂರು ಸಲ ಒತ್ತಿದ ಗುಂಡಿ ಅದು.

ಅಂಗಡಿಯವನ ಉತ್ಸಾಹ ಸ್ವಲ್ಪ ಇಳಿಯಿತು. “ಗೊತ್ತಿರೋರಿಗೆ ಏನು ಹೇಳೋದು. ದಿನಕ್ಕೆ ಏಳು ಗಂಟೆ ಸಾಕು. ಟೈಮರಿಗೆ ಹಾಕ್ಬಿಡಿ.”

ಸಂಜೆ ದೀಪ ಹತ್ತಿತು. ತೆಳ್ಳಗಿನ ಉದ್ದ ಪಟ್ಟಿ, ತೊಟ್ಟಿಯ ಎರಡು ಅಂಚಿಗೂ ಕಾಲು ಚಾಚಿ ನಿಲ್ಲುವಂಥದ್ದು. ನೀರು ಇದ್ದೂ ಇಲ್ಲದ ಹಾಗೆ ತಿಳಿಯಾಯಿತು, ಮಾಸಿನ ಒಂದೊಂದು ಎಳೆಯೂ ಎಣಿಸುವ ಹಾಗೆ ಕಂಡಿತು. ತಂಗಿಗೆ ಒಪ್ಪಿಗೆಯಾಯಿತು.

ಅಕ್ಕ ದಿಂಬಿಗೆ ಒರಗಿ ಒಂದು ಗಳಿಗೆ ನೋಡಿ ಮುಖ ಹಿಂಡಿದಳು. “ಇದೇನೇ ಇದು, ವಾರ್ಡಿನ ಥರ. ಸೀಗಡಿ ನೋಡು, ಒಗೆದೂ ಒಗೆದೂ ಬಣ್ಣ ಬಿಟ್ಟ ಹಾಗಿವೆ.”

“ಅವುಗಳ ನಿಜವಾದ ಬಣ್ಣ ಅದೇ ಅಲ್ವಾ?”

“ನಿಜ ಯಾರಿಗೆ ಬೇಕು? ನಾನೇನು ಇವನ್ನ ಪಾಸು ಮಾಡಿ ಹೊರದೇಶಕ್ಕೆ ಕಳಿಸ್ಬೇಕಾ?”

ಎರಡನೇ ದೀಪ ಪುಟ್ಟಿಯ ಆಯ್ಕೆ. ರಿಮೋಟು ಒತ್ತಿದರೆ ನೀಲಿ, ನೇರಳೆ, ಗುಲಾಬಿ. ನೀಲಿಯಲ್ಲಿ ಕೆಂಪು ಸೀಗಡಿಗಳೆಲ್ಲ ಇದ್ದಿಲಿನ ಚೂರುಗಳಾದವು. ನೇರಳೆಯಲ್ಲಿ ಗಿಡಗಳಿಗೆ ಜ್ವರ ಬಂದ ಹಾಗಾಯಿತು. “ಇದು ತೊಟ್ಟಿನಾ, ಸರ್ಕಸ್ಸಾ?” ಎಂದಳು ಅಕ್ಕ. “ರಾತ್ರಿ ನಾನು ಮಲಗಿದ್ದಾಗ ಇವು ಟಿಕೆಟ್ ಹರಿದು ಒಳಗೆ ಬಿಡ್ತಾವೇನೋ.” ಪುಟ್ಟಿ ಬಿದ್ದು ಬಿದ್ದು ನಕ್ಕಳು. ಆ ದೀಪವೂ ಪೆಟ್ಟಿಗೆಗೆ ಹೋಯಿತು.

ಮೂರನೆಯದನ್ನು ಅಕ್ಕನೇ ಹೇಳಿ ತರಿಸಿದಳು. “ಹಳದಿ ಬೆಳಕಿನದು ತಾ. ಎರಡು ಸಾವಿರದ ಏಳುನೂರು. ಅದಕ್ಕಿಂತ ಮೇಲೆ ಬೇಡ. ಕೆಂಪು ಹೊರಗೆ ಬರೋದು ಅದರಲ್ಲೇ. ನಿನಗೆ ನಾನು ಹೇಳಿಕೊಡ್ಬೇಕಾ?”

ಮೀನಿನ ಅಂಗಡಿಯಲ್ಲಿ ಅಂಥದ್ದು ಇರಲಿಲ್ಲ. ಅಂಗಡಿಯವನು ತಲೆ ಕೆರೆದುಕೊಂಡ. “ಅಷ್ಟು ಹಳದೀನಾ? ಗಿಡ ಸಾಯಲ್ಲ, ನಿಜ. ಆದ್ರೂ… ಅಮ್ಮಾ, ದೀಪ ಯಾರಿಗೆ ಅಂತ ಮೊದಲು ತೀರ್ಮಾನ ಮಾಡಿ. ಸೀಗಡಿಗೆ ಕತ್ತಲಾದ್ರೂ ಆಗುತ್ತೆ. ಗಿಡಕ್ಕೆ ಅಷ್ಟಿಷ್ಟು ಸಾಕು. ಮಿಕ್ಕಿದ್ದೆಲ್ಲ ನೋಡೋರಿಗೆ.”

“ನೋಡೋರಿಗೇ” ಎಂದಳು ತಂಗಿ.

ಎಲೆಕ್ಟ್ರಿಕ್ ಅಂಗಡಿಯಲ್ಲಿ ಮೇಜಿಗೆ ಕಚ್ಚಿಸುವ ಒಂದು ಓದುವ ದೀಪ ಸಿಕ್ಕಿತು, ಅದಕ್ಕೆ ಅಕ್ಕ ಹೇಳಿದ ನಂಬರಿನ ಬಲ್ಬು. ಮೇಜಿನ ಅಂಚಿಗೆ ಕಚ್ಚಿಸಿ, ಕತ್ತು ಬಗ್ಗಿಸಿ, ಗುಂಡಿ ಒತ್ತಿದಾಗ ಕೋಣೆಯಲ್ಲಿ ಮೂವರೂ ಒಟ್ಟಿಗೆ ಉಸಿರೆಳೆದರು. ಸೀಗಡಿಗಳು ಹಣ್ಣಾದ ಮೆಣಸಿನಕಾಯಿಯ ಕೆಂಪಿಗೆ ತಿರುಗಿದವು. ಮರದ ಬೇರು ಜೇನಿನ ಬಣ್ಣವಾಯಿತು. ಹೊಟ್ಟೆಯ ಕೆಳಗೆ ಮೊಟ್ಟೆ ಹೊತ್ತ ಹೆಣ್ಣು ಸೀಗಡಿಯೊಂದು ಬೇರಿನ ತುದಿಗೆ ಬಂದು, ತನ್ನ ಸಣ್ಣ ಕಾಲುಗಳಲ್ಲಿ ಮೊಟ್ಟೆಗಳನ್ನು ಬೀಸತೊಡಗಿತು. ದೀಪದ ಬೆಳಕು ಗಾಜಿನಿಂದ ತುಳುಕಿ ಅಕ್ಕನ ಮೇಲೂ ಬಿದ್ದಿತ್ತು. ಆಸ್ಪತ್ರೆ ಹೀರಿಕೊಂಡಿದ್ದ ಅವಳ ಕೆನ್ನೆಗೆ ಬಣ್ಣ ಬಂದಿತ್ತು.

“ಅಕ್ಕಾ, ಎಷ್ಟು ಚೆನ್ನಾಗಿ ಕಾಣ್ತಿದೆ!”

“ನನ್ನನ್ನ ಹೇಳ್ತಿದ್ದೀಯೋ, ಸೀಗಡೀನೋ?”

“ಇಬ್ಬರನ್ನೂ.”

ತಂಗಿಯ ನೋಟ ದಿಂಬಿನ ಮೇಲೆ ಹರಿಯಿತು. ಬೆಳಿಗ್ಗೆಯಷ್ಟೇ ಹಾಕಿದ ಬಿಳಿ ಹೊದಿಕೆ ಆ ಬೆಳಕಿನಲ್ಲಿ ಬೆಣ್ಣೆಯ ಬಣ್ಣಕ್ಕಿತ್ತು. ಅದರ ಮೇಲಿದ್ದ ಅಕ್ಕನ ಕೈಯೂ ಹೆಚ್ಚು ಕಡಿಮೆ ಅದೇ ಬಣ್ಣ. ಅವಳು ಒಂದು ಕ್ಷಣ ನಿಂತಳು. ಆಮೇಲೆ ಹೊದಿಕೆಯ ಸುಕ್ಕು ಎಳೆದು ಸರಿ ಮಾಡಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಅಡುಗೆಮನೆಗೆ ಹೋದಳು.

ದೀಪದ ಹಿಂದೆಯೇ ಕಾನೂನುಗಳು ಬಂದವು. ಕಿಟಕಿಯ ಪರದೆ ತೆರೆಯುವ ಹಾಗಿಲ್ಲ. ಬಿಸಿಲು ನೇರ ಬಿದ್ದರೆ ವಾರದೊಳಗೆ ಪಾಚಿ. ಕೋಣೆಯ ಟ್ಯೂಬ್‌ಲೈಟು ಹಾಕುವ ಹಾಗಿಲ್ಲ. ಗಾಜಿನಲ್ಲಿ ಅದೇ ಮೂಡಿ ಒಳಗಿನದು ಕಾಣುವುದಿಲ್ಲ. ದೀಪ ಮಧ್ಯಾಹ್ನ ಎರಡಕ್ಕೆ ಹತ್ತಿ ಒಂಬತ್ತಕ್ಕೆ ಆರಬೇಕು, ಒಂದು ನಿಮಿಷ ಆಚೆ ಈಚೆ ಇಲ್ಲ. ಗಿಡಕ್ಕೂ ನಿದ್ದೆ ಬೇಕಲ್ಲ. ಒಂದೊಂದೂ ಸರಿಯಾದ ಮಾತು. ಮೀನಿನ ಅಂಗಡಿಯವನನ್ನು ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ.

ತಂಗಿ ಬೆಳಿಗ್ಗೆ ಆರೂವರೆಗೆ ಗಿರಣಿಯ ಬಸ್ಸು ಹಿಡಿಯುತ್ತಿದ್ದಳು. ಹೊರಡುವಾಗ ಕೋಣೆ ಕತ್ತಲಾಗಿರುತ್ತಿತ್ತು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. “ಬರ್ತೀನಕ್ಕಾ” ಎಂದರೆ ಒಂದು ಕೈ ಮೇಲೆದ್ದು ಅಲ್ಲಾಡಿ ಶಾಲಿನೊಳಗೆ ಸೇರುತ್ತಿತ್ತು. ಮಧ್ಯಾಹ್ನ ಎದುರುಮನೆಯಾಕೆ ಬಾಗಿಲಲ್ಲೇ ನಿಂತು ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದಳು. ತಂಗಿ ಮನೆ ಸೇರುವ ಹೊತ್ತಿಗೆ ಹೊರಗೆ ಮಬ್ಬಾಗಿ, ಒಳಗೆ ಆ ಹಳದಿ ಬೆಳಕಿನ ಗುಡಾರ ಎದ್ದಿರುತ್ತಿತ್ತು. ಮಗಳು ಆಗಲೇ ಅದರೊಳಗೆ ಕೂತಿರುತ್ತಿದ್ದಳು.

ಆ ಸಂಜೆಗಳ ಹಾಗೆ ಸಂಜೆಗಳು ಆ ಮನೆಯಲ್ಲಿ ಹಿಂದೆ ಆಗಿರಲಿಲ್ಲ. ಹಿಂದೆ ತಾಯಿ ಮಗಳು ಒಂದೇ ಸೂರಿನ ಕೆಳಗೆ ಎರಡು ಬಸ್ ಸ್ಟಾಪಿನಲ್ಲಿ ನಿಂತವರ ಹಾಗೆ ಇರುತ್ತಿದ್ದರು. ಒಬ್ಬಳಿಗೆ ಹೋಂವರ್ಕು, ಒಬ್ಬಳಿಗೆ ಪಾತ್ರೆ. ಈಗ ಮೂರು ತಲೆ ಒಂದು ತೊಟ್ಟಿಯ ಸುತ್ತ. ಸೀಗಡಿ ಎಣಿಸುವುದೇ ಒಂದು ಆಟ. ಪುಟ್ಟಿ ಮೂವತ್ತೊಂದು ಎಂದರೆ ದೊಡ್ಡಮ್ಮ ಮೂವತ್ತನಾಲ್ಕು ಎನ್ನುವಳು.

“ದೊಡ್ಡಮ್ಮ ಮೋಸ! ಒಂದನ್ನೇ ಎರಡು ಸಲ ಎಣಿಸ್ತೀರ.”

“ನಿಮ್ಮಮ್ಮನ್ನ ಕೇಳು, ಇಪ್ಪತ್ತಾರು ವರ್ಷದಲ್ಲಿ ಒಂದಿನ ತಪ್ಪಿದ್ದೀನಾ ಅಂತ.”

“ಒಂದಿನ ನೀನೂ ತಪ್ಪಿದ್ದೆ” ಎಂದಳು ತಂಗಿ. “ಆ ನಾಲ್ಕು ಸಾವಿರ ಮೀಟರು ಪಾಚಿ ಹಸಿರು ಬಟ್ಟೇಲಿ.”

“ಅವತ್ತು ನನಗೆ ನೆಗಡಿ.”

“ನೆಗಡಿ ಬಂದ್ರೆ ಕಣ್ಣು ಕೆಡುತ್ತಾ ದೊಡ್ಡಮ್ಮಾ?”

“ಮೂಗು ಹಿಡ್ಕೊಂಡು ಹಸಿರು ನೋಡು, ಗೊತ್ತಾಗುತ್ತೆ.”

ಪುಟ್ಟಿ ನಿಜವಾಗಲೂ ಮೂಗು ಹಿಡಿದುಕೊಂಡು ಗಿಡ ನೋಡಿದಳು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ನಿಂತ ಮೇಲೂ ಕೈ ಹೊಟ್ಟೆಯ ಮೇಲೆಯೇ ಇತ್ತು.

ಎರಡನೇ ವಾರ ಅಕ್ಕ ಮೈ ಕೆರೆದುಕೊಳ್ಳತೊಡಗಿದಳು. ಮೊದಲು ಅಂಗೈ, ಆಮೇಲೆ ಮೊಣಕಾಲಿನ ಕೆಳಗೆ. “ನಿಮ್ಮ ಮನೆ ನೀರು ಗಡಸು ಕಣೇ” ಎಂದಳು. ತಂಗಿ ಎಣ್ಣೆ ತಂದು ಕಾಲಿಗೆ ಸವರಿದಳು. ಊಟ ಅರ್ಧಕ್ಕೆ ನಿಲ್ಲುತ್ತಿತ್ತು. ಮಿಕ್ಕದ್ದನ್ನು ಪುಟ್ಟಿಯ ತಟ್ಟೆಗೆ ದಾಟಿಸುವುದರಲ್ಲಿ ದೊಡ್ಡಮ್ಮನ ಕೈ ಕಳ್ಳನ ಕೈ. ಒಂದು ದಿನ ಅಕ್ಕನ ದಿಂಬು ಎತ್ತರಿಸಿ ಎದ್ದ ತಂಗಿಯ ಕೈ ಗೋಡೆಯ ಮೇಲಿನ ಟ್ಯೂಬ್‌ಲೈಟಿನ ಸ್ವಿಚ್ಚಿನ ತನಕ ಹೋಯಿತು. ಬೆರಳು ಅದರ ಮೇಲೆ ಇತ್ತು. ಹಿಂದಿನಿಂದ ಪುಟ್ಟಿ, “ಅಮ್ಮಾ ಬೇಗ ಬಾ, ಒಂದು ಸೀಗಡಿ ಚಿಪ್ಪು ಕಳಚ್ತಾ ಇದೆ, ಅಂಗಿ ಬಿಚ್ಚಿದ ಹಾಗೆ!” ಎಂದು ಕೂಗಿದಳು. ಕೈ ಹಿಂದಕ್ಕೆ ಬಂತು. ಹಳೆಯ ಚಿಪ್ಪಿನಿಂದ ನುಣುಪಾಗಿ ಹೊರಬಂದ ಸೀಗಡಿ ಎಲೆಯ ಕೆಳಗೆ ಅವಿತುಕೊಂಡಿತು. ಗಾಜಿನಂಥ ಖಾಲಿ ಚಿಪ್ಪು, ಮೀಸೆ ಸಮೇತ, ನೀರಿನಲ್ಲಿ ತೂಗಾಡಿತು. ಅವರು ಮೂವರೂ ಅದನ್ನು ಬಹಳ ಹೊತ್ತು ನೋಡಿದರು.

ಮೂರನೇ ವಾರದ ಕೊನೆಗೆ ಮರಿಗಳು ಬಂದವು.

“ಅಮ್ಮಾ! ಮಾಸಿನೊಳಗೆ ಏನೋ ಕುಣೀತಾ ಇದೆ!” ಪುಟ್ಟಿ ಮೇಜಿನ ಪಕ್ಕ ಮೊಣಕಾಲೂರಿ ಕೂತಿದ್ದಳು. ಸಾಸಿವೆಯಷ್ಟೂ ಇಲ್ಲದ ಜೀವಗಳು. ಹಳದಿ ಬೆಳಕಿನಲ್ಲಿ ಬೇರಿನ ಬಣ್ಣಕ್ಕೂ ಅವಕ್ಕೂ ವ್ಯತ್ಯಾಸ ಸಿಗುತ್ತಿರಲಿಲ್ಲ. ಅಕ್ಕನೂ ದಿಂಬಿನಿಂದ ಎದ್ದು, ತೊಟ್ಟಿಯ ಆಚೆ ಬದಿಯಿಂದ ಗಾಜಿಗೆ ಮೂಗು ತಾಗಿಸುವಷ್ಟು ಬಗ್ಗಿದಳು.

“ಎಲ್ಲೇ? ನನಗೆ ಕಾಣಿಸ್ತಿಲ್ಲ.”

“ತಾಳಿ, ತೋರಿಸ್ತೀನಿ” ಎಂದ ಪುಟ್ಟಿ ಅಮ್ಮನ ಮೊಬೈಲು ಎತ್ತಿಕೊಂಡು, ಟಾರ್ಚು ಹಾಕಿ, ಗಾಜಿಗೆ ಒತ್ತಿ ಹಿಡಿದಳು.

ಬಿಳಿ ಬೆಳಕು ಮಾಸನ್ನು ಸೀಳಿ, ನೀರು ದಾಟಿ, ಆಚೆ ಬದಿಯ ಮುಖದ ಮೇಲೆ ಬಿತ್ತು. ಮರಿ ಹುಡುಕುತ್ತ ಅಕ್ಕ ಕಣ್ಣು ಅಗಲ ತೆರೆದಿದ್ದಳು. ಆ ಕಣ್ಣಿನ ಬಿಳಿ ಭಾಗ ಬಿಳಿಯಾಗಿರಲಿಲ್ಲ. ಸ್ವಲ್ಪ ಮಾಸಲು, ಅಂಚಿನಲ್ಲಿ ಛಾಯೆ ಎನ್ನುವ ಹಾಗೂ ಇರಲಿಲ್ಲ. ಗಿರಣಿಯ ಬಣ್ಣದ ಪಟ್ಟಿಯಲ್ಲಿ ಆ ಹಳದಿಗೆ ಒಂದು ನಂಬರಿತ್ತು, ಅದು ತಂಗಿಯ ತಲೆಯಲ್ಲಿ ತಾನಾಗಿ ಮೂಡಿ ನಿಂತಿತು.

“ದೊಡ್ಡಮ್ಮಾ, ನಿಮ್ಮ ಕಣ್ಣು ಯಾಕೆ ಹಾಗಿದೆ?”

“ಟಾರ್ಚ್ ಆರಿಸು ಪುಟ್ಟೀ” ಎಂದಳು ಅಕ್ಕ ರೆಪ್ಪೆ ಮುಚ್ಚಿಕೊಂಡು. “ಮರಿಗಳಿಗೆ ಅಷ್ಟು ಬೆಳಕು ತಡೆಯಲ್ಲ.”

ತಂಗಿ ಹೋಗಿ ಟ್ಯೂಬ್‌ಲೈಟು ಹಾಕಿದಳು. ಅದು ಎರಡು ಸಲ ಮಿಟುಕಿ, ಇಪ್ಪತ್ತು ದಿನ ಮಲಗಿದ್ದ ಸಿಟ್ಟನ್ನೆಲ್ಲ ಒಟ್ಟಿಗೆ ಕಾರಿಕೊಂಡ ಹಾಗೆ ಉರಿಯಿತು. ಅಕ್ಕನ ಕುತ್ತಿಗೆ, ಕೈ, ಕೆರೆದು ಗೀರು ಬಿದ್ದ ಕಾಲು, ಎಲ್ಲ ಒಂದೇ ಲಾಟಿನ ಬಟ್ಟೆ.

“ಪುಟ್ಟಿ, ಹೊರಗೆ ಹೋಗು.”

“ನಾನೇನು ಮಾಡಿದೆ ಅಮ್ಮಾ?”

“ನೀನೇನೂ ಮಾಡಿಲ್ಲ ಕಂದ. ಹೋಗು.”

ಬಾಗಿಲು ಮುಚ್ಚಿದ ಮೇಲೆ ತಂಗಿ ಮಂಚದ ಕಾಲ್ದೆಸೆಯಲ್ಲಿ ನಿಂತೇ ಇದ್ದಳು.

“ಎಷ್ಟು ದಿನ ಆಯ್ತು?”

“ಎಣಿಸಿಲ್ಲ.”

“ಸೀಗಡಿ ಎಣಿಸೋಕೆ ಬರುತ್ತೆ, ಇದನ್ನ ಎಣಿಸೋಕೆ ಬರಲ್ವಾ?”

“ದೀಪ ಆರಿಸೇ, ಕಣ್ಣು ಚುಚ್ಚುತ್ತೆ.”

“ಚುಚ್ಚಲಿ. ಹಳದಿ ಬಲ್ಬಿನ ಕೆಳಗೆ ಹಳದಿ ಕಲೆ ಕಾಣಲ್ಲ ಅಂತ ನನಗೆ ಹೇಳಿಕೊಟ್ಟವಳು ನೀನು. ಮೊದಲನೇ ದಿನ. ಬಿಳಿ ಥಾನಿನ ಮೇಲೆ ಎಣ್ಣೆ ಹನಿ ಹಾಕಿ, ಗುಂಡಿ ಒತ್ತಿ ಒತ್ತಿ ತೋರಿಸಿದ್ದೆ.”

“ಚೆನ್ನಾಗಿ ನೆನಪಿಟ್ಟಿದ್ದೀಯ” ಎಂದಳು ಅಕ್ಕ. ಅಷ್ಟರಲ್ಲೂ ಅವಳ ದನಿಯಲ್ಲಿ ಪಾಠ ಒಪ್ಪಿಸಿಕೊಂಡ ಮೇಷ್ಟರ ಸಣ್ಣ ಸಂತೋಷವಿತ್ತು.

“ನಗಬೇಡ ಅಕ್ಕಾ. ಅವತ್ತೇ ಬನ್ನಿ ಅಂದಿದ್ರು ಅವರು. ಮಾರನೇ ದಿನಾನೂ ಬೇಡ ಅಂದಿದ್ರು.”

“ಕೇಳಿಸ್ಕೊಂಡಿದ್ದೆ. ನಿನಗೆ ಗೊತ್ತಾಗಿದ್ರೆ ಅವತ್ತೇ ಹೊತ್ಕೊಂಡು ಓಡ್ತಿದ್ದೆ. ಮತ್ತೆ ಪೈಪು, ಮತ್ತೆ ಹನ್ನೊಂದು ದಿನ, ಆಮೇಲೆ ನಾಲ್ಕನೇದು. ಸಿಗೋ ತಿಂಗಳೆಲ್ಲ ಅಲ್ಲೇ ಕಳೆದುಹೋಗುತ್ತೆ ಕಣೇ. ನನಗೆ ಇದು ಬೇಕಿತ್ತು.” ‘ಇದು’ ಎನ್ನುವಾಗ ಅವಳು ತೊಟ್ಟಿಯ ಕಡೆ ಕೈ ಮಾಡಿದಳೋ, ಮೇಜಿನ ಪಕ್ಕ ಪುಟ್ಟಿ ಬಿಟ್ಟುಹೋದ ಚಪ್ಪಲಿಯ ಕಡೆಗೋ ಗೊತ್ತಾಗಲಿಲ್ಲ. “ನೀನು ಹೇಳಿದ್ರೆ ಹೋಗ್ತೀನಿ. ಹಟ ಮಾಡಲ್ಲ. ಆದ್ರೆ ನಿನ್ನ ಬಾಯಲ್ಲಿ ಬರಲಿ.”

ಹೊರಗೆ ಪುಟ್ಟಿ ಬಾಗಿಲಿಗೆ ಒರಗಿ ಕೂತಿದ್ದಳು. ಸಂದಿಯಲ್ಲಿ ಅವಳ ನೆರಳು ಕಾಣುತ್ತಿತ್ತು.

“ಹೋಗೋಣ” ಎಂದಳು ತಂಗಿ.

ಅಕ್ಕ ತಲೆಯಾಡಿಸಿ, ಶಾಲು ಹುಡುಕುವವಳ ಹಾಗೆ ಆಚೆ ಈಚೆ ಕೈ ಆಡಿಸಿದಳು.

ಡಾಕ್ಟರಮ್ಮ ರೆಪ್ಪೆ ಎಳೆದು ನೋಡಿದ ತಕ್ಷಣ ಕೇಳಿದರು, “ಯಾವಾಗಿಂದ?”

“ನಾನು ನೋಡಿದ್ದು ಇವತ್ತು ಸಂಜೆ.”

“ಇದು ಇವತ್ತಿಂದಲ್ಲ. ಕಡಿಮೆ ಅಂದ್ರೂ ಹನ್ನೆರಡು ದಿನ. ಮನೇಲಿ ದಿನಾ ನೋಡ್ತೀನಿ ಅಂದಿದ್ರಲ್ಲ?”

“ಬೆಳಕು ಸರಿಯಿರಲಿಲ್ಲ” ಎಂದಳು ತಂಗಿ.

ಇದು ಏನು ಉತ್ತರ ಎನ್ನುವ ಹಾಗೆ ಅವರು ಅವಳನ್ನೊಮ್ಮೆ ನೋಡಿ, ಕಾಗದದ ಮೇಲೆ ಬರೆಯುತ್ತ ಹೋದರು.

ಮೂರನೇ ಕೊಳವೆ ಇಟ್ಟರು. ಅದು ತನ್ನ ಪಾಡಿಗೆ ಕೆಲಸ ಮಾಡಿತು. ಹಳದಿ ಒಂದು ಚೂರು ಇಳಿಯಿತು ಕೂಡ. ಆದರೆ ನಂಜು ಆಗಲೇ ಮುಂದೆ ಹೋಗಿಬಿಟ್ಟಿತ್ತು. ಒಂಬತ್ತನೇ ದಿನ ಅಕ್ಕ ಆ ವಾರ್ಡಿನಲ್ಲೇ ತೀರಿಕೊಂಡಳು. ಕೊನೆಯ ನಾಲ್ಕು ದಿನ ಅವಳಿಗೆ ಯಾರ ಗುರುತೂ ಇರಲಿಲ್ಲ. ಅವಳು ಬೇಡವೆಂದಿದ್ದು ಅವಳಿಗೆ ಸಿಕ್ಕಿತು, ತಂಗಿ ಬೇಕೆಂದಿದ್ದು ತಂಗಿಗೆ ಸಿಗಲಿಲ್ಲ. ಒಂದು ಮಾತಿನಲ್ಲಿ ಹೇಳುವುದಾದರೆ ಅಷ್ಟೇ ಆದದ್ದು.

ನಡುವೆ ಒಂದು ಮಧ್ಯಾಹ್ನ ಮಾತ್ರ ಇತ್ತು, ಐದನೆಯ ದಿನದ್ದು. ಜ್ವರ ಇಳಿದು ಅಕ್ಕ ಎಚ್ಚರವಾಗಿ, ಮೊದಲಿನ ಅಕ್ಕನೇ ಆಗಿ, ತಲೆ ಎತ್ತರಿಸಲು ಹೇಳಿದಳು. ತಂಗಿ ಮಂಚದ ಹಿಡಿ ತಿರುಗಿಸಿದಳು.

“ಮರಿ ಎಷ್ಟಾದವಂತೆ?”

“ಪುಟ್ಟಿ ಹದಿನೇಳು ಅಂತಾಳೆ.”

“ಇಪ್ಪತ್ತಂತೂ ಇರುತ್ತೆ. ಅವಳಿಗೆ ಎಣಿಸೋಕೆ ಬರಲ್ಲ.” ಅವಳ ತುಟಿಯ ಮೂಲೆ ಎದ್ದಿತು. “ಏನೇ ಹೇಳು. ನಿನ್ನ ಕಣ್ಣು ತಪ್ಪಿಸೋದು ಅಂದ್ರೆ ಹುಡುಗಾಟ ಅಲ್ಲ. ಬೇರೆ ಯಾರಾದ್ರೂ ಆಗಿದ್ರೆ ಎರಡು ಮಾತಾಡಿ ಸಾಗಹಾಕ್ತಿದ್ದೆ. ನಿನಗೆ ಅಂತ ನಾನು ಕೂತು ಯೋಚನೆ ಮಾಡ್ಬೇಕಾಯ್ತು. ಪರದೆ ಒಂದು. ಟ್ಯೂಬ್‌ಲೈಟು ಎರಡು. ಬಲ್ಬಿನ ನಂಬರು ಮೂರು. ಮೂರಕ್ಕೂ ಸೀಗಡಿ ಹೆಸರು! ಒಂದಾದ್ರೂ ಸುಳ್ಳು ಹೇಳಿದ್ನಾ ಹೇಳು?”

“ಇಲ್ಲ.”

“ಬಿಸಿಲಿಗೆ ಪಾಚಿ ಬರೋದು ನಿಜ ತಾನೇ?”

“ನಿಜ.”

ಅಕ್ಕನಿಗೆ ನಗು ಬಂತು; ನಗು ಕೆಮ್ಮಾಯಿತು. ತಂಗಿ ಬೆನ್ನು ನೀವಿದಳು. ಅಂಗಿಯೊಳಗೆ ಮೂಳೆಗಳು ಒಂದೊಂದಾಗಿ ಕೈಗೆ ಸಿಗುತ್ತಿದ್ದವು. ಕೆಮ್ಮು ನಿಂತ ಮೇಲೆ ಅಕ್ಕ ಕಣ್ಣು ತಿರುಗಿಸಿ ಅವಳನ್ನು ನೋಡಿದಳು.

“ನಿನಗೆ ಒಂದಿನಾನೂ ಅನುಮಾನ ಬರ್ಲಿಲ್ಲ ಅಲ್ವಾ?”

ತಂಗಿಗೆ ಗೊತ್ತಿತ್ತು. ಬಲ್ಬು ಹತ್ತಿದ ಮೊದಲ ಸಂಜೆಯೇ ಆ ಬೆಳಕು ಏನನ್ನು ಬಚ್ಚಿಡಬಲ್ಲದು ಎಂದು ಅವಳ ಕಣ್ಣು ಅವಳಿಗೆ ಹೇಳಿತ್ತು. ಆಮೇಲೆ ದಿನ ದಿನವೂ ಹೇಳುತ್ತಲೇ ಇತ್ತು. ಅವಳು ಹದಿನೆಂಟು ವರ್ಷ ದಿನಗೂಲಿಗೆ ದುಡಿಸಿದ ಕಣ್ಣನ್ನು ಮನೆಯೊಳಗೆ ಬಂದ ಕ್ಷಣ ರಜೆಗೆ ಕಳಿಸಿದ್ದಳು. ಭಾನುವಾರಗಳಿದ್ದವು, ಕಿಟಕಿಯಿತ್ತು, ಪರದೆ ಎಳೆಯಲು ಒಂದು ಕೈ ಸಾಕಿತ್ತು. ಎಳೆದಿದ್ದರೆ ಮೂರು ತಲೆ ಒಂದು ಕಡೆ ಸೇರುವ ಸಂಜೆಗಳು ಅಲ್ಲಿಗೆ ಮುಗಿಯುತ್ತಿದ್ದವು. ಇನ್ನೊಂದು ಸಂಜೆ, ಇದೊಂದು ಸಂಜೆ ಎಂದು ಅವಳೂ ಕದ್ದಿದ್ದಳು. ಅಕ್ಕನಾದರೂ ತನ್ನ ಜೀವವನ್ನು ತಾನು ಖರ್ಚು ಮಾಡಿದ್ದಳು. ತಂಗಿ ಖರ್ಚು ಮಾಡಿದ್ದು ಅಕ್ಕನ ಜೀವವನ್ನು.

ಅದನ್ನು ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಮಾತು ನಾಲಿಗೆಯ ತನಕ ಬಂದೂ ಇತ್ತು. ಆದರೆ ಅಕ್ಕ ಕಾಯುತ್ತಿದ್ದಳು, ಗೆದ್ದ ಆಟದ ಕೊನೆಯ ಕಾಯಿ ಮುಟ್ಟುವುದಕ್ಕೆ ಮಗು ಕಾಯುವ ಹಾಗೆ. ಇಡೀ ಕಾಯಿಲೆಯಲ್ಲಿ ಅವಳು ತನ್ನ ಕೈಯಾರೆ ಮಾಡಿದ ಕೆಲಸ ಅದೊಂದೇ.

“ಇಲ್ಲ ಅಕ್ಕಾ” ಎಂದಳು. “ಒಂದಿನಾನೂ ಇಲ್ಲ.”

“ಪೆದ್ದಿ” ಎಂದಳು ಅಕ್ಕ, ಬಹಳ ಪ್ರೀತಿಯಿಂದ. “ಇಷ್ಟು ವರ್ಷ ಕಲಿಸಿದ್ದು ದಂಡ.”

“ದಂಡ.”

“ಗಿರಣೀಲಿ ಯಾರಿಗೂ ಹೇಳಬೇಡ. ನಿನ್ನ ಮಾನ ಹೋಗುತ್ತೆ.”

“ಹೇಳಲ್ಲ.”

ಅಕ್ಕ ತೃಪ್ತಿಯಿಂದ ಕಣ್ಣು ಮುಚ್ಚಿದಳು. ತುಟಿ ಒಣಗಿತ್ತು. ತಂಗಿ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಗೆ ಒತ್ತಿದಳು, ಮತ್ತೆ ಅದ್ದಿ ಮತ್ತೆ ಒತ್ತಿದಳು. ನರ್ಸು ಬಂದು ಭೇಟಿಯ ಸಮಯ ಮುಗಿಯಿತು ಎಂದಾಗಲೂ ಅವಳ ಕೈ ನಿಲ್ಲಲಿಲ್ಲ.